ಅತ್ತೆಯ ರೋಸ್ಟು ಹೊಸ್ತಿಲು ದಾಟಿದ ದಿನ

ನಮ್ಮ ಮನೆಯಲ್ಲಿ ಹಂದಿಮಾಂಸ ಹೊಸ್ತಿಲು ದಾಟುವುದಿಲ್ಲ. ತಿನ್ನುವುದಕ್ಕೆ ಯಾರದೂ ತಕರಾರಿಲ್ಲ. ಭಾನುವಾರ ಅದು ತಪ್ಪಿದರೆ ಅಪ್ಪನ ಮುಖ ಸೋಮವಾರವೂ ಬಾಡಿರುತ್ತದೆ. ಆದರೆ ಬೇಯಿಸುವುದು, ಬಡಿಸುವುದು, ತಿನ್ನುವುದು ಎಲ್ಲ ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನಲ್ಲಿ. ಅದರ ಪಾತ್ರೆ ಬೇರೆ, ಸೌಟು ಬೇರೆ, ಕತ್ತಿ ಬೇರೆ. ತಿಂದವರು ಅಲ್ಲೇ ಬಾಯಿ ಮುಕ್ಕಳಿಸಿ, ಕಾಲಿಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಹೊಟ್ಟೆಯಲ್ಲಿ ಕೂತ ಹಂದಿ ಒಳಗೆ ಬಂದರೆ ದೇವರಿಗೆ ಅಡ್ಡಿಯಿಲ್ಲ, ತಟ್ಟೆಯಲ್ಲಿ ಕೂತದ್ದು ಬಂದರೆ ಅಡ್ಡಿ, ಇದು ಯಾವ ನ್ಯಾಯ ಎಂದು ನಾನು ಹೈಸ್ಕೂಲಿನಲ್ಲಿದ್ದಾಗಲೇ ಕೇಳಿದ್ದೆ. ‘ಬಾಯಿ ಮುಚ್ಕೊಂಡು ತಿನ್ನು’ ಎಂದು ಅಮ್ಮ ಹೇಳಿದ್ದಳು. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆ ಎಂದು ಕೇಳಿದ್ದಕ್ಕೆ ಸೌಟು ಎತ್ತಿದ್ದಳು.

ಈ ನಿಯಮಕ್ಕೆ ಒಂದೇ ಒಂದು ವಿನಾಯಿತಿ ಇತ್ತು. ಪಿತೃಪಕ್ಷದಲ್ಲಿ ಬರುವ ಹಿರಿಯರ ಹಬ್ಬ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ, ನಡುಮನೆಗೆ ತಾಗಿದ ಕೋಣೆಯಲ್ಲಿ ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಅಜ್ಜನಿಗೆ ಹಂದಿ ಸಾರು, ಕಡುಬು, ಒಂದು ಗ್ಲಾಸು ಬ್ರಾಂದಿ. ಸತ್ತವರನ್ನು ಶೆಡ್ಡಿಗೆ ಬನ್ನಿ ಅನ್ನುವುದಕ್ಕಾಗುತ್ತದೆಯೇ? ಅದಕ್ಕೇ ಅವತ್ತು ಒಂದು ದಿನ ಹಂದಿ ಒಳಗೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮನೆಯ ಹೆಂಗಸು ಬಾಗಿಲು ತಟ್ಟಬೇಕು. ಉಣ್ಣುತ್ತಿರುವವರು ಎದ್ದು ಹೋಗಲಿ ಅಂತ. ತಟ್ಟದೆ ತೆಗೆಯುವ ಹಾಗಿಲ್ಲ. ಆಮೇಲೆ ಆ ಎಲೆಯಲ್ಲಿರುವುದನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನಬೇಕು.

ಎಸ್ಸೆಸ್ಸೆಲ್ಸಿ ಓದುವ ವರ್ಷ ನಾನು ಇದನ್ನು ಪರೀಕ್ಷೆಗೆ ಒಡ್ಡಿದೆ. ಅಜ್ಜನ ಗ್ಲಾಸಿನಲ್ಲಿ ಬ್ರಾಂದಿ ಎಲ್ಲಿಯವರೆಗೆ ಇತ್ತೋ ಅಲ್ಲಿಗೆ ಸ್ಕೆಚ್ ಪೆನ್ನಿನಿಂದ ಸಣ್ಣ ಗೆರೆ ಎಳೆದೆ. ಬಾಗಿಲು ತೆಗೆದಾಗ ಬ್ರಾಂದಿ ಗೆರೆಗಿಂತ ಸಾಕಷ್ಟು ಕೆಳಗಿತ್ತು. ‘ಎಂತ ಹೇಳ್ತೀಯೆ ಈಗ, ಲಾಯರಮ್ಮ?’ ಎಂದು ಅತ್ತೆ ಎಲ್ಲರೆದುರು ಕೇಳಿದರು. ನಾನು ಆವಿಯಾಗುವಿಕೆ ಎಂದೆ. ಇಷ್ಟು ಹೊತ್ತಿನಲ್ಲಿ ಅಷ್ಟು ಆವಿಯಾದರೆ ಊರಿನ ಬ್ರಾಂದಿ ಅಂಗಡಿಗಳೆಲ್ಲ ಮುಚ್ಚಿರುತ್ತಿದ್ದವು ಎಂದರು. ಸೋತು ಸುಣ್ಣವಾದೆ. ವಾರ ಕಳೆದ ಮೇಲೆ ಅತ್ತೆಯೇ ಕರೆದು ಹೇಳಿದರು. ‘ಕಡೇಲಿ ದೀಪ ಹಚ್ಚಕ್ಕೆ ಒಳಗೆ ಹೋದದ್ದು ಯಾರೇ? ಒಂದು ಗುಟುಕು ಹಾಕ್ದೆ. ಪರೀಕ್ಷೆ ಮಾಡದಾದ್ರೆ ಮೊದ್ಲು ಸಾಕ್ಷಿಗಳ ಮೇಲೆ ಕಣ್ಣಿಡದು ಕಲಿ.’

ಅತ್ತೆ ಅಂದರೆ ಅಪ್ಪನ ಅಕ್ಕ. ಎಡೆ ಇಡುತ್ತಿದ್ದದ್ದು ಅವರು ಮಲಗುವ ಕೋಣೆಯಲ್ಲೇ. ಹಿರಿಯರ ಹಬ್ಬದ ದಿನ ತಮ್ಮ ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿ, ‘ಇವತ್ತು ಗೆಸ್ಟ್ ಬತ್ತಾರೆ, ರೂಮ್ ಖಾಲಿ ಮಾಡ್ಬೇಕು’ ಅನ್ನುತ್ತಿದ್ದರು. ಮುಂದೆ ನಾನು ಚಿಕ್ಕಮಗಳೂರಿನ ಕಾಲೇಜಿಗೆ ಸೇರಿ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದೆ. ಪರವಾಗಿ ಮಾತಾಡು ಅಂದರೆ ಪರ, ವಿರೋಧವಾಗಿ ಅಂದರೆ ವಿರೋಧ. ಆದರೆ ನನ್ನ ತರಬೇತಿ ನಿಜವಾಗಿ ನಡೆದದ್ದು ಆ ಕೋಣೆಯಲ್ಲಿ, ಅವರ ಎಲೆಅಡಿಕೆ ತಟ್ಟೆಯ ಪಕ್ಕದಲ್ಲಿ ಕೂತು.

ನನ್ನ ಮಾವ, ಅಂದರೆ ಅವರ ಗಂಡ, ಕಳಸದ ಕಡೆ ಒಂದು ಕಂಪನಿ ತೋಟದಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಕಾಫಿ ಕೊಯ್ಲಿನ ತೂಕ ಬರೆಯುವ ಕೆಲಸ. ಬಿಳಿಯರು ಹೋಗಿ ಬಹಳ ಕಾಲವಾಗಿದ್ದರೂ ಬಂಗಲೆಯಲ್ಲಿ ಕ್ರಿಸ್‌ಮಸ್ ಊಟ ಮಾತ್ರ ನಿಂತಿರಲಿಲ್ಲ. ಮ್ಯಾನೇಜರು ಯಾವ ಜಾತಿಯವರಾದರೂ ಸರಿ, ಡಿಸೆಂಬರಿನಲ್ಲಿ ಆ ಒಂದು ರಾತ್ರಿ ಎಲ್ಲರೂ ಕೋಟು ಹಾಕಿಕೊಂಡು ಮೇಜಿನ ಮುಂದೆ ಕೂರಬೇಕು. ಮೇಜಿನ ನಡುವೆ ಹಣ್ಣು ತುಂಬಿದ ಇಡೀ ಹಂದಿ ರೋಸ್ಟು. ಸ್ಟಾಫಿನ ಹೆಂಡತಿಯರನ್ನು ಕೈನೆರವಿಗೆ ಕರೆಯುತ್ತಿದ್ದರು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಬೆಳ್ಳುಳ್ಳಿ ಸುಲಿಯುತ್ತಾ ಸುಲಿಯುತ್ತಾ ಅದನ್ನು ಪೂರ್ತಿ ಕಲಿತುಕೊಂಡರು. ಮಾವ ಒಂದು ದಿನ ಮಸ್ಟರಿಗೆ, ಅಂದರೆ ಆಳುಗಳ ಬೆಳಗಿನ ಹಾಜರಿಗೆ, ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕುಸಿದರು. ಮಕ್ಕಳಿರಲಿಲ್ಲ. ಅತ್ತೆ ಒಂದು ಟ್ರಂಕು, ಒಂದು ದಪ್ಪ ತಳದ ಡೇಗಿ ಪಾತ್ರೆ ಹಿಡಿದುಕೊಂಡು ಮೂಡಿಗೆರೆ ಸೀಮೆಯ ನಮ್ಮ ಮನೆಗೆ ವಾಪಸು ಬಂದರು.

ಆಮೇಲೆ ಪ್ರತಿವರ್ಷ ಡಿಸೆಂಬರ್ ಇಪ್ಪತ್ತೈದಕ್ಕೆ ನಮ್ಮ ಶೆಡ್ಡಿನಲ್ಲಿ ರೋಸ್ಟು. ಏಸುವಿಗೂ ನಮಗೂ ಯಾವ ಪರಿಚಯವೂ ಇರಲಿಲ್ಲ. ನಾವು ಅದನ್ನು ಅತ್ತೆ ಹಬ್ಬ ಅನ್ನುತ್ತಿದ್ದೆವು. ಕೊಯ್ಲಿನ ಕಾಲ. ಕಣದ ತುಂಬ ಕೆಂಪು ಹಣ್ಣು ಹರಡಿರುತ್ತಿತ್ತು. ಒಣಗುವ ಕಾಫಿಯ ಹುಳಿಘಾಟಿನ ಜೊತೆ ಕಿತ್ತಳೆಯೂ ಹಂದಿಯ ಕೊಬ್ಬೂ ಸುಡುವ ವಾಸನೆ ಸೇರುತ್ತಿತ್ತು. ಅತ್ತೆ ಮೊದಲ ತುಂಡು ಕತ್ತರಿಸಿ ತಾವೇ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ‘ಹ್ಞೂಂ, ಬಡಿಸ್ಬಹುದು’ ಎಂದ ಮೇಲೆಯೇ ನಮಗೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಒಂದು ವರ್ಷ, ಮಳೆಗಾಲ ಕಳೆಯುವ ಹೊತ್ತಿಗೆ ಅತ್ತೆ ಅಕ್ಕಿರೊಟ್ಟಿ ಬಿಡತೊಡಗಿದರು. ‘ಗಂಟಲಲ್ಲಿ ಎಂತದೋ ತಡೀತದೆ’ ಎಂದರು. ಆಮೇಲೆ ಅನ್ನ ಬಿಟ್ಟರು. ಘಟ್ಟದ ಕೆಳಗಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಅಪ್ಪನನ್ನು ವರಾಂಡಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಅನ್ನನಾಳದಲ್ಲಿ ಗಡ್ಡೆ, ತಡವಾಗಿದೆ, ಮಾಡುವಂಥದ್ದು ಏನೂ ಇಲ್ಲ. ಅಪ್ಪ ಒಳಗೆ ಬಂದು ಅದನ್ನು ಕನ್ನಡಕ್ಕೆ ತಂದರು: ‘ಸ್ವಲ್ಪ ಟೈಮ್ ಹಿಡೀತದಂತೆ.’

ನಾನೂ ವರಾಂಡದಲ್ಲಿ ಇದ್ದೆ. ವಾಪಸು ಬರುವಾಗ ಚಾರ್ಮಾಡಿಯಲ್ಲಿ ಜೀಪು ನಿಲ್ಲಿಸಿದ್ದಾಗ ಅಪ್ಪನನ್ನು ಕೇಳಿದೆ.

‘ಅವರು ಹಂಗೆ ಹೇಳಲೇ ಇಲ್ವಲ್ಲ ಅಪ್ಪ?’

‘ನೀನು ಡಾಕ್ಟರಾ?’

‘ನೀವೂ ಅಲ್ವಲ್ಲ.’

ಅಪ್ಪ ರೇಡಿಯೇಟರಿಗೆ ನೀರು ಹಾಕಿದರು. ಅವತ್ತಿನಿಂದ ಅಪ್ಪ ನಂಬತೊಡಗಿದರು. ನಂಬಿಕೆ ಎಂದರೆ ಹೀಗೆ ದುಡಿಯುವ ವಸ್ತು ಅಂತ ನನಗೆ ಗೊತ್ತಿರಲಿಲ್ಲ. ಸಂಸೆಯ ಆಚೆ ಯಾರೋ ನಾಟಿ ಔಷಧಿ ಕೊಡುತ್ತಾರೆ ಅಂದರೆ ಅಲ್ಲಿಗೆ, ದೇವರಮನೆ ಗುಡ್ಡದ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡರೆ ಆಗುತ್ತದೆ ಅಂದರೆ ಅಲ್ಲಿಗೆ. ಕಂದು ಬಣ್ಣದ ಒಂದು ಪುಡಿ ತಂದು ದಿನಾ ಬೆಳಿಗ್ಗೆ ತಾವೇ ಜೇನಿನಲ್ಲಿ ಕಲಸಿ ಅಕ್ಕನ ನಾಲಿಗೆಗೆ ಸವರುತ್ತಿದ್ದರು. ದಾರಿಯಲ್ಲಿ ಸಿಕ್ಕವರು ವಿಚಾರಿಸಿದರೆ, ‘ಪರವಾಗಿಲ್ಲ ಮಾರಾಯ, ಇವತ್ತು ಗಂಜಿ ಪೂರ್ತಿ ಕುಡಿದ್ರು’ ಎನ್ನುತ್ತಿದ್ದರು. ಅರ್ಧ ಲೋಟ ಕುಡಿದ ದಿನವೂ ಅದನ್ನೇ.

ಅತ್ತೆ ಸುಮ್ಮನೆ ಪುಡಿ ನೆಕ್ಕುತ್ತಿದ್ದರು. ‘ಇದರಿಂದ ಏನಾದ್ರೂ ಆಗ್ತದೆ ಅಂತ ನಿಮಗೆ ಅನ್ಸುತ್ತಾ?’ ಎಂದು ಒಂದು ದಿನ ಕೇಳಿದೆ. ಧ್ವನಿ ಆಗಲೇ ಉಡುಗಿ ಪಿಸುಮಾತಾಗಿತ್ತು. ‘ಆಗ್ತದಲ್ಲ. ಅವನಿಗೆ ನಿದ್ದೆ ಬತ್ತದೆ’ ಎಂದರು.

ಡಿಸೆಂಬರ್ ಬಂತು. ಕ್ರಿಸ್‌ಮಸ್ ರಜೆಗೆ ನಾನು ಮನೆಗೆ ಬಂದ ದಿನವೇ ಅತ್ತೆ ಎಲ್ಲರನ್ನೂ ಕೋಣೆಗೆ ಕರೆಸಿದರು. ‘ಈ ಸಲ ರೋಸ್ಟು ಯಾರು ಮಾಡದು?’

ಅಮ್ಮ ನನ್ನ ಮುಖ ನೋಡಿದಳು. ಅಪ್ಪ ಕಿಟಕಿ ನೋಡಿದರು. ‘ಈ ಸಲ ಬೇಡ ಅಕ್ಕ. ಮುಂದಿನ ವರ್ಷ ಮಾಡನ. ನೀನೇ ಮಾಡ್ತಿ.’

‘ನಂಗೆ ಈ ಸಲ ಬೇಕು ತಮ್ಮ. ಒಂದು ತುತ್ತು. ಇಳಿದ್ರೆ ಇಳೀತದೆ, ಇಲ್ದಿದ್ರೆ ಅಗಿದು ಉಗೀತೀನಿ. ನಾಲಗೆಗೆ ಎಂತ ಆಗಿಲ್ಲವಲ್ಲ.’

‘ಘನ ಪದಾರ್ಥ ಕೊಡಬಾರದು ಅಂದಿದಾರೆ.’

ಇಲ್ಲಿ ನಾನು ಬಾಯಿ ಹಾಕಿದೆ. ಎರಡೇ ಸಾಧ್ಯತೆ ಇರುವುದು ಎಂದೆ. ಅತ್ತೆಗೆ ವಾಸಿಯಾಗುತ್ತದೆ, ಅಥವಾ ಆಗುವುದಿಲ್ಲ. ವಾಸಿಯಾಗುವುದಾದರೆ ಒಂದು ತುತ್ತು ರೋಸ್ಟಿನಿಂದ ಅದು ನಿಲ್ಲುವುದಿಲ್ಲ. ಆಗುವುದಿಲ್ಲ ಎಂದಾದರೆ ಮುಂದಿನ ವರ್ಷ ಎನ್ನುವ ಮಾತಿಗೆ ಅರ್ಥವೇ ಇಲ್ಲ. ಎರಡರಲ್ಲಿ ಯಾವುದಾದರೂ ಈ ಸಲ ಮಾಡುವುದೇ ಸರಿ.

‘ಇದು ನಿನ್ನ ಕಾಂಪಿಟಿಷನ್ ಅಲ್ಲ’ ಎಂದರು ಅಪ್ಪ.

‘ಅವಳು ಹೇಳದು ಸರಿ ಇದೆ’ ಎಂದರು ಅತ್ತೆ. ‘ನಾಳೆ ದಿನ ಎಲೆ ಮೇಲೆ ಇಡ್ತೀರಲ್ಲ, ಅದನ್ನ ಈಗ್ಲೇ ಕೊಡಿ. ಆಗ ನಂಗೆ ಗಂಟಲೇ ಇರಲ್ಲ. ಈಗ ಅರ್ಧ ಆದ್ರೂ ಇದೆ.’

ಅಮ್ಮ ‘ಅತ್ತಿಗೆ, ಎಂತ ಮಾತು ಅದು’ ಎಂದಳು. ಅಪ್ಪ ಎದ್ದು ಕಣಕ್ಕೆ ಹೋಗಿ, ಹರಡಿದ್ದ ಕಾಫಿ ಹಣ್ಣನ್ನೇ ಹಲಗೆಯಿಂದ ಮತ್ತೆ ಮತ್ತೆ ಎಳೆಯುತ್ತಾ ಕತ್ತಲಾಗುವವರೆಗೂ ಅಲ್ಲೇ ಇದ್ದರು. ಇಪ್ಪತ್ತೈದರ ಬೆಳಿಗ್ಗೆ ಜೀಪು ಸ್ಟಾರ್ಟ್ ಮಾಡಿ ಹಾರ್ನ್ ಹೊಡೆದರು. ‘ಬಾರೇ, ಮೂಡಿಗೆರೆಗೆ.’

ದಾರಿಯಲ್ಲಿ ಅವರು ಈ ರೋಸ್ಟನ್ನೂ ತಮ್ಮ ನಂಬಿಕೆಯ ಕೆಲಸಕ್ಕೆ ಹಚ್ಚಿಕೊಂಡದ್ದು ಗೊತ್ತಾಯಿತು. ‘ಒಂದು ತುತ್ತು ಇಳೀತು ಅಂತ ಇಟ್ಕೊ. ಆಗ ಆ ಪುಡಿ ಕೆಲಸ ಮಾಡ್ತಾ ಇದೆ ಅಂತ ಅರ್ಥ ತಾನೆ?’ ಹಾಗೆ ಅರ್ಥವಾಗುವುದಿಲ್ಲ, ಅದು ಸಾಕ್ಷಿಯಲ್ಲ ಎನ್ನುವುದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿತ್ತು. ಹೇಳಲಿಲ್ಲ. ಅವರು ಸ್ಟೀರಿಂಗ್ ಹಿಡಿದುಕೊಂಡಿದ್ದ ರೀತಿ ನೋಡಿ ಹೇಳುವ ಮನಸ್ಸಾಗಲಿಲ್ಲ.

ಮಾಂಸದ ಅಂಗಡಿಯವನು ಹುಲ್ಲಿನ ಬೆಂಕಿಯಲ್ಲಿ ಸುಟ್ಟು ಕೆರೆದ ಹಂದಿಯನ್ನು ತೂಗುಹಾಕಿದ್ದ. ಅಪ್ಪ ಸೊಂಟದ ಭಾಗ ತೋರಿಸಿ, ಚರ್ಮದ ಸಮೇತ ಇಡಿಯಾಗಿ ಬೇಕು ಎಂದರು.

‘ಇಡೀನಾ? ಹಂಗೇ ಕಚ್ಕೊಂಡು ತಿಂತೀರಾ ಗೌಡ್ರೇ?’

‘ರೋಸ್ಟಿಗೆ ಮಾರಾಯ. ಪೀಸ್ ಮಾಡ್ಬೇಡ.’

‘ಮಾಡಲ್ಲ, ಮಾಡಲ್ಲ’ ಎನ್ನುತ್ತಲೇ ಮಾಂಸವನ್ನು ಕೊರಡಿನ ಮೇಲೆ ಇಟ್ಟ. ಜೀವಮಾನವಿಡೀ ತುಂಡು ಮಾಡಿದ ಕೈ. ಅದು ತಾನಾಗಿ ಎದ್ದು ಒಂದು ಏಟು ಹಾಕಿಬಿಟ್ಟಿತು. ಅಪ್ಪ ‘ಏಯ್!’ ಎಂದು ಕೂಗಿದಾಗ ಕತ್ತಿ ಎರಡನೇ ಸಲ ಮೇಲೆದ್ದಿತ್ತು.

ಮಾಂಸ ಮನೆಗೆ ಬಂದ ಮೇಲೆ ಅದನ್ನು ಅತ್ತೆಗೆ ತೋರಿಸಬೇಕಿತ್ತು. ಒಳಗೆ ಒಯ್ಯುವ ಹಾಗಿಲ್ಲ. ಅವರ ಕೋಣೆಯ ಕಿಟಕಿ ಕಣದ ಕಡೆಗಿತ್ತು. ಹೊರಗೆ ನಿಂತು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅತ್ತೆ ದಿಂಬಿಗೆ ಒರಗಿ ಕಿಟಕಿಯ ಸರಳುಗಳ ಹಿಂದಿನಿಂದ ನೋಡಿದರು.

‘ಆ ಗಾಯ ಎಂತದು?’

‘ಅಂಗಡಿಯವನ ಅಭ್ಯಾಸ.’

‘ಹೊಲಿ. ಹೆಂಗೂ ಹೊಲೀಲೇಬೇಕಲ್ಲ, ಒಂದೆರಡು ಹೊಲಿಗೆ ಜಾಸ್ತಿ.’

ಆ ದಿನವೆಲ್ಲ ನಾನು ಕಿಟಕಿಗೂ ಶೆಡ್ಡಿಗೂ ನಡುವೆ ಓಡಾಡಿದೆ. ಅವರ ಪಿಸುಮಾತು ಕಣದ ಅರ್ಧಕ್ಕೂ ಕೇಳುತ್ತಿರಲಿಲ್ಲ. ಒಂದೊಂದು ಮಾತಿಗೂ ಸರಳುಗಳ ಹತ್ತಿರ ಕಿವಿ ಇಡಬೇಕು, ಕೇಳಿಸಿಕೊಂಡು ಓಡಬೇಕು. ಬಂಗಲೆಯಲ್ಲಿ ಡಬ್ಬಿಯಲ್ಲಿ ಬರುವ ವಿಲಾಯ್ತಿ ಒಣಹಣ್ಣು ಹಾಕುತ್ತಿದ್ದರಂತೆ. ಅತ್ತೆ ಅದನ್ನು ನಮ್ಮ ತೋಟಕ್ಕೆ ಒಗ್ಗಿಸಿಕೊಂಡಿದ್ದರು. ಕಾಫಿ ಗಿಡಗಳ ನಡುವಿನ ಕಿತ್ತಳೆ, ಬೇಲಿಸಾಲಿನ ಅನಾನಸು, ಪೇಟೆಯ ಒಣದ್ರಾಕ್ಷಿ ಮತ್ತು ಅಂಜೂರವನ್ನು ರಮ್ಮಿನಲ್ಲಿ ನೆನೆಹಾಕಿದ್ದು, ಬ್ರೆಡ್ಡಿನ ಪುಡಿ, ಬೆಳ್ಳುಳ್ಳಿ, ಜಜ್ಜಿದ ಹಸಿ ಕಾಳುಮೆಣಸು.

‘ಕಿತ್ತಳೆ ಸಿಪ್ಪೆನೂ ಹಾಕು, ಹೆರೆದು.’

‘ಕಹಿ ಆಗಲ್ವಾ ಅತ್ತೆ?’

‘ಸ್ವಲ್ಪ ಆಗ್ಬೇಕು ಕಣೇ. ಇಲ್ದಿದ್ರೆ ಪಾಯಸ ಮಾಡು.’

ಕೊಬ್ಬಿನ ಪದರದ ಕೆಳಗೆ ಕತ್ತಿ ತೂರಿಸಿ ಜೇಬು ಮಾಡಿ, ಹಣ್ಣು ತುರುಕಿ, ಕಾಫಿ ಮೂಟೆ ಹೊಲಿಯುವ ದಬ್ಬಣದಲ್ಲಿ ಗೋಣಿದಾರ ಪೋಣಿಸಿ ಬಾಯಿ ಹೊಲಿದೆ. ದಬ್ಬಣವನ್ನು ಬಿಸಿನೀರಿನಲ್ಲಿ ಕುದಿಸಿದ್ದೆ. ಅದನ್ನು ನೋಡಿ ಅಮ್ಮ ನಕ್ಕಳು. ‘ಆಪರೇಷನ್ ಮಾಡ್ತಾ ಇದೀಯ? ಸತ್ತ ಹಂದಿಗೆ ಎಂತ ಆಗ್ತದೆ?’ ಎಂದಳು. ಆಮೇಲೆ, ‘ನಿಮ್ಮತ್ತೆ ಅಲ್ಲಿಂದ ಹೇಳದು, ನೀನು ಇಲ್ಲಿಗೆ ಬಂದು ಭಾಷಣ ಮಾಡದು. ಬೇಯದು ಯಾವಾಗ?’ ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ಡೇಗಿಯ ತಳಕ್ಕೆ ಮರಳು ಹರಡಿದಳು. ಮರಳಿನ ಮೇಲೆ ತಟ್ಟೆ, ತಟ್ಟೆಯ ಮೇಲೆ ಮಾಂಸ, ಮುಚ್ಚಳ, ಮುಚ್ಚಳದ ಮೇಲೂ ಕೆಂಡ. ಕಿತ್ತುಹಾಕಿದ ಮುದಿ ಕಾಫಿ ಗಿಡದ ಬೊಡ್ಡೆಯ ಕೆಂಡವೇ ಆಗಬೇಕು ಎಂದು ಅತ್ತೆಯ ಹುಕುಂ. ಅದು ಹೊಗೆ ಹಾಕುವುದಿಲ್ಲ, ಬೇಗ ಬೂದಿಯಾಗುವುದೂ ಇಲ್ಲ.

ಮಧ್ಯಾಹ್ನ ಕಳೆದ ಮೇಲೆ ಕೊಬ್ಬು ಚಟಚಟ ಅನ್ನತೊಡಗಿತು. ವಾಸನೆ ಎದ್ದು ಕಣ ದಾಟಿ ಕಿಟಕಿಯೊಳಗೆ ಹೋಯಿತು. ವಾಸನೆಗೆ ಯಾವ ಹೊಸ್ತಿಲು? ನಾನು ಹೋಗಿ ನೋಡಿದರೆ ಅತ್ತೆ ಕಣ್ಣು ಮುಚ್ಚಿ, ಮೂಗು ಅರಳಿಸಿ ಕೂತಿದ್ದರು. ‘ಮೇಲಿನ ಕೆಂಡ ತೆಗಿ. ಹಣ್ಣು ನೀರು ಬಿಟ್ಟಿದೆ. ಕಾಯಿಸಿದ ರಮ್ಮು ಸ್ವಲ್ಪ ಹೊಯ್ಯಿ.’ ಅವತ್ತು ಗಂಜಿಯನ್ನು ನಿಜವಾಗಿಯೂ ಪೂರ್ತಿ ಕುಡಿದರು. ಅಪ್ಪ ಖಾಲಿ ಲೋಟ ಹಿಡಿದು ಶೆಡ್ಡಿಗೆ ಬಂದು, ಅದನ್ನು ಬಗ್ಗಿಸಿ ಅಮ್ಮನಿಗೆ ತೋರಿಸಿದರು. ಅಮ್ಮನ ಕಣ್ಣಲ್ಲಿ ನೀರು ಬಂತು. ಒಲೆಯ ಮುಂದೆ ಕೂತ ನಾನೂ ಒಂದು ಕ್ಷಣ ಲೆಕ್ಕ ತಪ್ಪಿದೆ. ಇಳಿದರೂ ಇಳಿಯಬಹುದೇನೋ ಎಂದುಕೊಂಡೆ. ಸಾಕ್ಷಿಯಿಲ್ಲದೆ ಹಾಗೆ ಅಂದುಕೊಂಡದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ.

ಊಟ ಎಂದಿನಂತೆ ಶೆಡ್ಡಿನಲ್ಲೇ ಎಂದು ತೀರ್ಮಾನವಾಗಿತ್ತು. ಅತ್ತೆಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬರುವುದು, ಮೊದಲ ತುಂಡು ಅವರೇ ಕತ್ತರಿಸುವುದು. ಸಂಜೆ ಅಪ್ಪ ಒಂದು ಕಡೆ, ನಾನು ಒಂದು ಕಡೆ ಕುರ್ಚಿ ಹಿಡಿದೆವು. ಅವರು ಹೊಸ ಶಾಲು ಹೊದ್ದಿದ್ದರು. ‘ಪಲ್ಲಕ್ಕಿ ಆಯ್ತಲ್ಲ’ ಎಂದರು. ಕುರ್ಚಿಯ ತೂಕವೇ ಹೆಚ್ಚಿತ್ತು, ಅವರದ್ದಲ್ಲ. ಮೆಟ್ಟಿಲು ಇಳಿದು ಕಣಕ್ಕೆ ಕಾಲಿಟ್ಟೆವೋ ಇಲ್ಲವೋ, ದೇವರಮನೆ ಗುಡ್ಡದ ಕಡೆಯಿಂದ ಚಳಿಗಾಳಿ ಬೀಸಿತು. ಕೆಮ್ಮು ಶುರುವಾಯಿತು. ನಿಲ್ಲಲೇ ಇಲ್ಲ. ಉಸಿರು ಒಳಗೆ ಹೋಗುವುದಕ್ಕೆ ಜಾಗ ಸಿಗದೆ ಶಾಲು ಹಿಡಿದ ಕೈ ನೀಲಿಗಟ್ಟಿತು. ‘ಒಳಗೆ, ಒಳಗೆ’ ಎಂದರು ಅಪ್ಪ. ವಾಪಸು ಹೋಗಿ ಮಲಗಿಸಿದೆವು. ಕೆಮ್ಮು ನಿಂತ ಮೇಲೆ ಅತ್ತೆ ಗೋಡೆ ನೋಡುತ್ತಾ ಮಲಗಿದರು.

ಅಪ್ಪ ಕಣದ ನಡುವೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಶೆಡ್ಡಿಗೆ ಬಂದು ಮುಚ್ಚಳ ತೆಗೆದರು. ಚರ್ಮ ಹೊಂಬಣ್ಣಕ್ಕೆ ತಿರುಗಿ ಸಣ್ಣಸಣ್ಣ ಗುಳ್ಳೆ ಎದ್ದಿತ್ತು. ದಾರ ಬಿಚ್ಚಿ, ಒಂದು ತೆಳು ಹೋಳು ಕತ್ತರಿಸಿ, ಮೇಲೆ ಹಣ್ಣು ಇಟ್ಟು, ರಸ ಹಾಕಿ, ತಟ್ಟೆ ಹಿಡಿದು ಎದ್ದರು. ತೊಟ್ಟಿಯ ಹತ್ತಿರ ಕಾಲಿಗೆ ನೀರು ಹಾಕಿಕೊಂಡು ಮೆಟ್ಟಿಲು ಹತ್ತಿದರು.

‘ಅಯ್ಯೋ, ಒಳಗಾ?’ ಎಂದಳು ಅಮ್ಮ.

‘ಒಳಗೇ.’

ಸತ್ಯ ಹೇಳುತ್ತೇನೆ, ನನಗೆ ಗೆದ್ದ ಹಾಗಾಯಿತು. ಇಷ್ಟು ವರ್ಷ ನಾನು ಎಷ್ಟು ವಾದಿಸಿದರೂ ಅಲ್ಲಾಡದ ನಿಯಮ. ದೇವರ ಕೋಣೆಯ ಮುಂದೆಯೇ ಅಪ್ಪ ತಟ್ಟೆ ಹಿಡಿದು ನಡೆದುಹೋದರು. ಆ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕನಿಗೋಸ್ಕರ ಮುರಿದರು. ಇದಕ್ಕಿಂತ ದೊಡ್ಡದು ಇನ್ನೇನು ಬೇಕು?

ಕರೆಂಟು ಹೋಗಿತ್ತು. ಆ ಹೊತ್ತಿಗೆ ದಿನಾ ಹೋಗುತ್ತಿತ್ತು. ಅಮ್ಮ ದೀಪ ತಂದು ತಟ್ಟೆಯ ಪಕ್ಕ ಸ್ಟೂಲಿನ ಮೇಲೆ ಇಟ್ಟಳು. ಅತ್ತೆ ತಲೆ ತಿರುಗಿಸಿದರು. ತಟ್ಟೆ ನೋಡಿದರು, ದೀಪ ನೋಡಿದರು, ಅಪ್ಪನ ಒದ್ದೆ ಕಾಲು ನೋಡಿದರು.

‘ಒಳಗೇ ತಂದ್ಯಾ ತಮ್ಮ?’

‘ಹೊರಗೆ ಚಳಿ ಅಕ್ಕ.’

‘ಹ್ಞೂಂ.’

ಎದ್ದು ಕೂರಿಸಿದೆವು. ಉಗಿಯುವುದಕ್ಕೆ ಒಂದು ಬಟ್ಟಲು ಇಟ್ಟೆ. ಅವರು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, ‘ಬಾಗಿಲು ಹಾಕ್ಕೊಂಡು ಹೋಗಿ. ನಾನು ಉಗಿಯದನ್ನ ನೀವು ಯಾರೂ ನೋಡ್ಬೇಡಿ’ ಎಂದರು.

ಬಾಗಿಲು ಎಳೆದುಕೊಂಡು ನಡುಮನೆಯಲ್ಲಿ ನಿಂತೆವು. ಅವರು ತಿನ್ನದೆ ನಾವು ತಿನ್ನುವ ಹಾಗಿರಲಿಲ್ಲ. ಮೊದಲ ತುಂಡು ಯಾವಾಗಲೂ ಅವರದು. ಅಪ್ಪ ಕಂಬಕ್ಕೆ ಒರಗಿದ್ದರು. ಅಮ್ಮ ಕೈಕಟ್ಟಿ ಬಾಗಿಲ ಪಕ್ಕ ನಿಂತಿದ್ದಳು. ಒಳಗಿನಿಂದ ಸದ್ದಿಲ್ಲ. ಬಾಗಿಲ ಕೆಳಗಿನ ಸಂದಿನಲ್ಲಿ ದೀಪದ ಬೆಳಕು. ನಾವು ಮೂವರೂ ಎಲ್ಲಿ ನಿಂತಿದ್ದೇವೆ ಎನ್ನುವುದು ನನಗೆ ಆಗ ಕಂಡಿತು. ಪ್ರತಿವರ್ಷ ಪಿತೃಪಕ್ಷದಲ್ಲಿ ನಿಲ್ಲುವ ಜಾಗದಲ್ಲೇ ನಿಂತಿದ್ದೆವು. ಅದೇ ಕೋಣೆ, ಅದೇ ಮುಚ್ಚಿದ ಬಾಗಿಲು. ಒಳಗೆ ದೀಪ, ಒಳಗೆ ಹಂದಿ. ಬಾಯಿ ತೆರೆದು ಏನಾದರೂ ಹೇಳಬೇಕು, ಬಾಗಿಲು ತೆಗೆಯಬೇಕು ಎನ್ನಿಸಿತು. ಏನು ಹೇಳುವುದು? ಅಪ್ಪನಿಗೆ ಇನ್ನೂ ತಿಳಿದಿರಲಿಲ್ಲ. ಅವರು ಕಿವಿಗೊಟ್ಟು, ಆ ಒಂದು ತುತ್ತು ಇಳಿಯುವ ಸದ್ದಿಗೆ ಕಾಯುತ್ತಿದ್ದರು.

ಅಷ್ಟರಲ್ಲಿ ಅಮ್ಮ ಬಾಗಿಲು ತಟ್ಟಿದಳು. ಯೋಚಿಸಿ ತಟ್ಟಿದ್ದಲ್ಲ. ಅಂಗಡಿಯವನ ಕತ್ತಿ ಎದ್ದ ಹಾಗೆ ಅವಳ ಕೈ ತಾನಾಗಿ ಎದ್ದಿತ್ತು. ಸತ್ತವರಿಗೆ ತಟ್ಟುವ ಹಾಗೆಯೇ, ಬೆರಳ ಗಿಣ್ಣಿನಿಂದ, ಮೆಲ್ಲಗೆ.

ಒಳಗಿನಿಂದ ಅತ್ತೆಯ ಪಿಸುಮಾತು ಬಂತು. ‘ಬನ್ನಿ. ಎದ್ದು ಹೋಗಿಲ್ಲ ಇನ್ನೂ.’

ಅಮ್ಮ ಅಲ್ಲೇ ಕುಸಿದು ಕೂತಳು. ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಕಂಬದಿಂದ ಬೆನ್ನು ಎತ್ತಿದರು. ಅವರ ಮುಖದಲ್ಲಿ ಒಂದೊಂದಾಗಿ ಎಲ್ಲ ಆರಿಹೋದದ್ದನ್ನು ನಾನು ನೋಡಿದೆ. ಡಾಕ್ಟರು ವರಾಂಡದಲ್ಲಿ ಹೇಳಿದ ಮಾತು ಅವರಿಗೆ ಕೇಳಿಸಿದ್ದು ಅವತ್ತು, ಆ ಬಾಗಿಲ ಮುಂದೆ.

ಒಳಗೆ ಹೋದೆವು. ತಟ್ಟೆಯಲ್ಲಿ ಹೋಳು ಎಳೆಎಳೆಯಾಗಿ ಬಿಡಿಸಿಕೊಂಡು ಬಿದ್ದಿತ್ತು. ಕಿತ್ತಳೆಯ ಒಂದು ತುಣುಕಿಗೆ ಹಲ್ಲಿನ ಗುರುತಿತ್ತು. ಉಳಿದದ್ದು ಬಟ್ಟಲಲ್ಲಿ.

‘ಇಳೀಲಿಲ್ಲ’ ಎಂದರು ಅತ್ತೆ.

ನಾನು, ಬೇರೇನೂ ತೋಚದೆ, ‘ರುಚಿ?’ ಎಂದೆ.

‘ಉಪ್ಪು ಕಮ್ಮಿ. ಅಂಜೂರ ಜಾಸ್ತಿ. ಬಾಯಿ ಒಂದು ಇದೆ ನಿಂಗೆ, ಕೈ ಇಲ್ಲ.’ ಸ್ವಲ್ಪ ಸುಧಾರಿಸಿಕೊಂಡು ತಟ್ಟೆಯನ್ನು ಅಪ್ಪನ ಕಡೆಗೆ ಸರಿಸಿದರು. ‘ತಗೊ. ಹಂಚ್ಕೊಂಡು ತಿನ್ನಿ. ಹಂಗೇ ಅಲ್ವಾ ಮಾಡದು?’

‘ಅಕ್ಕ, ನಾನು ಹಂಗೆ ಅಂದ್ಕೊಂಡು ತರ್ಲಿಲ್ಲ. ಚಳಿ ಅಂತ...’

‘ಗೊತ್ತು ಮಾರಾಯ. ತಿನ್ನು. ಆರಿದ್ರೆ ಕೊಬ್ಬು ಗಟ್ಟಿ ಆಗ್ತದೆ.’

ಅಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಕ್ಕ ಬಿಡಿಸಿಟ್ಟ ಎಳೆಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡರು. ಅತ್ತೆ ಅವರ ಗಂಟಲನ್ನೇ ನೋಡುತ್ತಿದ್ದರು. ಪ್ರತಿ ತುತ್ತಿಗೂ ಅದು ಮೇಲೆದ್ದು ಕೆಳಗಿಳಿಯುವುದನ್ನು ನೋಡುತ್ತಿದ್ದರು. ‘ಉಪ್ಪು?’ ಎಂದರು.

‘ಸರಿ ಇದೆ.’

‘ಸುಳ್ಳು ಹೇಳದು ಯಾವತ್ತು ಬಿಡ್ತಿ?’

ಅಮ್ಮನೂ ನಾನೂ ಒಂದೊಂದು ಚೂರು ತಿಂದೆವು. ಉಪ್ಪು ಕಮ್ಮಿಯೇ ಇತ್ತು. ಶೆಡ್ಡಿನಲ್ಲಿ ಉಳಿದ ಅಷ್ಟು ದೊಡ್ಡ ರೋಸ್ಟನ್ನು ಮಾರನೇ ದಿನ ಕೊಯ್ಲಿನ ಆಳುಗಳಿಗೆ ಹಂಚಿದೆವು. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು.

ಮಾರನೇ ದಿನ ಬೆಳಿಗ್ಗೆ ಅಪ್ಪ ಪುಡಿ ಕಲಸಲಿಲ್ಲ. ಅತ್ತೆ ಕೇಳಲೂ ಇಲ್ಲ. ಯಾರಾದರೂ ವಿಚಾರಿಸಿದರೆ ಅಪ್ಪ ‘ಇದಾರೆ’ ಎಂದಷ್ಟೇ ಹೇಳತೊಡಗಿದರು. ಆ ಸುಳ್ಳುಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ಖಂಡಿಸಿದ್ದೆ. ಅವು ನಿಂತ ಮೇಲೆ ಮನೆಯಲ್ಲಿ ಉಳಿದದ್ದು ನಿಜ ಮಾತ್ರ. ಅದನ್ನು ಇಟ್ಟುಕೊಂಡು ಏನು ಮಾಡಬೇಕು ಎನ್ನುವುದು ನನಗೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ವಾಸಿಯಾಗುತ್ತದೆ, ಅಥವಾ ಆಗುವುದಿಲ್ಲ, ಎರಡೇ ಸಾಧ್ಯತೆ ಎಂದಿದ್ದೆನಲ್ಲ. ಆ ಎರಡರ ನಡುವೆ ಅಪ್ಪ ದಿನಾ ಬೆಳಿಗ್ಗೆ ಜೇನಿನಲ್ಲಿ ಕಲಸುತ್ತಿದ್ದದ್ದು ಒಂದಿತ್ತು. ವಾದದಲ್ಲಿ ಅದಕ್ಕೆ ಹೆಸರಿಲ್ಲ.

ಹೂಮಳೆ ಬಿದ್ದು ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಗಿದ್ದ ವಾರ ಅತ್ತೆ ಹೋದರು. ನಾನು ಕಾಲೇಜಿನಲ್ಲಿದ್ದೆ.

ಪಿತೃಪಕ್ಷ ಬಂದಾಗ ಅಪ್ಪ ಯಾರನ್ನೂ ಕೇಳದೆ ಮೂಡಿಗೆರೆಗೆ ಹೋಗಿ ಮಾಂಸ ತಂದರು. ಈ ಸಲ ಅಂಗಡಿಯವನ ಪಕ್ಕವೇ ನಿಂತು ಕೈ ಹಿಡಿದುಕೊಂಡರಂತೆ. ಇಡಿಯಾಗಿತ್ತು. ಕಿತ್ತಳೆ ಇನ್ನೂ ಕಾಯಿ. ಅದನ್ನೇ ಹಾಕಿದೆ. ಅಂಜೂರ ಕಮ್ಮಿ ಮಾಡಿದೆ, ಉಪ್ಪು ಜಾಸ್ತಿ ಹಾಕಿದೆ. ಎಡೆ ಇಡುವುದನ್ನು ನಾನು ನಂಬುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲ, ಎಲ್ಲರಿಗೂ ಗೊತ್ತೇ ಇತ್ತು. ಅಜ್ಜನ ಎಲೆಯ ಪಕ್ಕ ಅತ್ತೆಯ ಎಲೆ, ಎಲೆಯ ಮೇಲೆ ರೋಸ್ಟಿನ ಮೊದಲ ತುಂಡು. ಕೋಣೆಯಲ್ಲಿ ಸುತ್ತಿಡುವುದಕ್ಕೆ ಹಾಸಿಗೆ ಇರಲಿಲ್ಲ. ಕಡೆಯಲ್ಲಿ ದೀಪ ಹಚ್ಚುವುದಕ್ಕೆ ಅಮ್ಮ ನನ್ನನ್ನು ಕಳಿಸಿದಳು. ಅಜ್ಜನ ಬ್ರಾಂದಿ ಗ್ಲಾಸು ಅಲ್ಲೇ ಇತ್ತು. ಒಂದು ಗುಟುಕು ಹಾಕಬಹುದಿತ್ತು, ಯಾರೂ ಗೆರೆ ಎಳೆದಿರಲಿಲ್ಲ. ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ನಿಂತೆವು. ಅಮ್ಮ ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿದಳು. ಒಂದೇ ಸಲ ತಟ್ಟುವುದು ಪದ್ಧತಿ. ಅವಳು ಬಾಗಿಲಿಗೆ ಕಿವಿ ಹತ್ತಿರ ತಂದು ಇನ್ನೊಮ್ಮೆ ತಟ್ಟಿದಳು. ಮತ್ತೆ ಒಂದು ಸಲ.

‘ಸಾಕು. ತೆಗಿ’ ಎಂದರು ಅಪ್ಪ.